ವರ್ಕಲದ ಕಡಲ ತೀರದಲ್ಲಿ

ಮಕ್ಕಳೇ, ಕಡಲು ನಿಮಗೆ ಹೊಸದೇನಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಬೇಕಲ ಎಲ್ಲಿ ನಿಂತು ನೋಡಿದರೂ ಪಡುವಣ ದಿಕ್ಕಿನಲ್ಲಿ ಅದೇ ನೀಲಿ ನೀರು. ಮಳೆಗಾಲದ ರಾತ್ರಿಗಳಲ್ಲಿ ಅದರ ಮೊರೆತ ತೀರದ ಮನೆಗಳ ಒಳಗೂ ಕೇಳಿಸುತ್ತದೆ. ನೀವು ಮರಳಿನಲ್ಲಿ ಮನೆ ಕಟ್ಟಿ ಆಡಿರಬಹುದು. ಕಪ್ಪೆಚಿಪ್ಪು ಹೆಕ್ಕಿರಬಹುದು. ಓಡಿ ಬರುವ ಅಲೆಗೆ ಕಾಲು ಒಡ್ಡಿ ನಕ್ಕಿರಬಹುದು.

ಆದರೆ ಕಡಲನ್ನು ಒಂದೇ ಕಡೆ ಕುಳಿತು, ಸುಮ್ಮನೆ, ಹದಿನೈದು ನಿಮಿಷ ಗಮನಿಸಿದ್ದೀರಾ? ಇಲ್ಲವೇ? ಹಾಗಾದರೆ ಬನ್ನಿ. ಇಂದು ನಾವು ನಮ್ಮ ರಾಜ್ಯದ ತೆಂಕಣ ಭಾಗದ ಒಂದು ಊರಿಗೆ ಹೋಗಿ ಬರೋಣ. ಅಲ್ಲಿ ಅಲೆಯ ಮೇಲೆ ನಿಂತು ಸವಾರಿ ಮಾಡುವವರಿದ್ದಾರೆ. ಆ ಸವಾರಿಯ ಮೊದಲ ಪಾಠವೇ ಸುಮ್ಮನೆ ಕುಳಿತು ನೋಡುವುದು!

ರೈಲಿನಲ್ಲಿ ಒಂದು ರಾತ್ರಿ

ನಾವು ಹೋಗುವ ಊರಿನ ಹೆಸರು ವರ್ಕಲ. ಅದು ತಿರುವನಂತಪುರ ಜಿಲ್ಲೆಯಲ್ಲಿದೆ. ಕಾಸರಗೋಡಿನಿಂದ ಅಲ್ಲಿಗೆ ರೈಲಿನಲ್ಲಿ 500 ಕಿಲೋಮೀಟರಿಗೂ ಹೆಚ್ಚು ದೂರ. ಮಂಗಳೂರಿನಿಂದ ಸಂಜೆ ಹೊರಡುವ ರೈಲನ್ನು ಹತ್ತಿದರೆ ಸಾಕು. ಹೊರಟ ಸ್ವಲ್ಪ ಹೊತ್ತಿಗೇ ಚಂದ್ರಗಿರಿ ಹೊಳೆಯ ಸೇತುವೆ ಸಿಗುತ್ತದೆ. ಕಣ್ಣೂರು ದಾಟುವಾಗ ಊಟದ ಪೊಟ್ಟಣ ಬಿಚ್ಚುತ್ತೇವೆ. ಕಲ್ಲಿಕೋಟೆ ಬರುವಾಗ ನಿಮ್ಮಲ್ಲಿ ಹಲವರು ನಿದ್ದೆ ಹೋಗಿರುತ್ತೀರಿ. ಭಾರತಪ್ಪುಳ, ಪೆರಿಯಾರ್ ಎಂಬ ದೊಡ್ಡ ಹೊಳೆಗಳನ್ನು ರೈಲು ಕತ್ತಲಲ್ಲೇ ದಾಟುತ್ತದೆ. ಕಣ್ಣು ಬಿಟ್ಟಾಗ ಕಿಟಕಿಯಾಚೆ ಬೆಳಕು ಹರಿದಿರುತ್ತದೆ. ತೆಂಗಿನ ತೋಟ, ಹಿನ್ನೀರು, ದೋಣಿಗಳು ಕಾಣುತ್ತವೆ. ಕೊಲ್ಲಂ ಆದ ಮೇಲೆ ಸ್ವಲ್ಪ ಹೊತ್ತಿಗೆ ಒಂದು ಫಲಕ ಕಾಣುತ್ತದೆ: 'ವರ್ಕಲ ಶಿವಗಿರಿ'.

ನಿಲ್ದಾಣದ ಹೆಸರಿನಲ್ಲಿ ಶಿವಗಿರಿ ಏಕೆ ಇದೆ ಗೊತ್ತೇ? ನಾರಾಯಣ ಗುರುಗಳು ನೆಲೆಸಿದ್ದ ಬೆಟ್ಟ ಅದು. 'ಎಲ್ಲ ಮನುಷ್ಯರೂ ಒಂದೇ' ಎಂದು ಸಾರಿದ ಆ ಗುರುಗಳ ಸಮಾಧಿ ಇಲ್ಲಿದೆ. ಮಹಾತ್ಮಾ ಗಾಂಧಿಯವರು 1925ರಲ್ಲಿ ಇಲ್ಲಿಗೆ ಬಂದು ಗುರುಗಳನ್ನು ಕಂಡಿದ್ದರು. ಮಂಗಳೂರಿನ ಕುದ್ರೋಳಿ ದೇವಸ್ಥಾನವನ್ನು ನೀವು ನೋಡಿರಬಹುದು. ಅಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದವರೂ ಇದೇ ಗುರುಗಳು.

ಕೆಂಪು ಗೋಡೆಯ ಊರು

ನಿಲ್ದಾಣದಿಂದ ಕಡಲಿಗೆ ಆಟೋರಿಕ್ಷಾದಲ್ಲಿ ಕೆಲವೇ ನಿಮಿಷದ ದಾರಿ. ರಿಕ್ಷಾದಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಥಟ್ಟನೆ ನೆಲ ಮುಗಿದುಬಿಡುತ್ತದೆ! ಕೆಳಗೆ, ಬಹಳ ಕೆಳಗೆ, ಕಡಲು. ನಮ್ಮಲ್ಲಿ ಹೆಚ್ಚಿನ ಕಡೆ ನೆಲವು ಮೆಲ್ಲಗೆ ಇಳಿದು ಮರಳಾಗಿ ನೀರನ್ನು ಸೇರುತ್ತದೆ. ಇಲ್ಲಿ ಹಾಗಲ್ಲ. ಕತ್ತಿಯಿಂದ ಕಡಿದಂತೆ ನೆಟ್ಟಗೆ ನಿಂತ ಕೆಂಪು ಗೋಡೆ. ಕೆಲವು ಕಡೆ ಅದು ಒಂದು ತೆಂಗಿನ ಮರದಷ್ಟು ಎತ್ತರ. ಗೋಡೆಯ ನೆತ್ತಿಯ ಮೇಲೆ ಒಂದು ಕಾಲುದಾರಿ. ದಾರಿಯ ಒಂದು ಬದಿಗೆ ಸಾಲು ಅಂಗಡಿ, ಉಪಾಹಾರ ಗೃಹಗಳು. ಇನ್ನೊಂದು ಬದಿಗೆ ಆಕಾಶ ಮತ್ತು ಕಡಲು.

ಈ ಊರಿನಲ್ಲಿ ಯಾರಿಗೂ ಅವಸರವಿದ್ದಂತೆ ಕಾಣುವುದಿಲ್ಲ. ಒಬ್ಬರು ಚಹಾದ ಲೋಟ ಹಿಡಿದು ಅಲೆಗಳನ್ನು ನೋಡುತ್ತಾ ಕುಳಿತಿದ್ದಾರೆ. ಇನ್ನೊಬ್ಬರು ಪುಸ್ತಕ ಓದುತ್ತಿದ್ದಾರೆ. ಒಂದು ನಾಯಿ ದಾರಿಯ ನಡುವೆಯೇ ಮಲಗಿ ನಿದ್ದೆ ಮಾಡುತ್ತಿದೆ. ಎಲ್ಲರೂ ಅದನ್ನು ಬಳಸಿಕೊಂಡು ಹೋಗುತ್ತಾರೆ. ದೂರದ ದೇಶಗಳಿಂದ ಬಂದವರೂ ಇದ್ದಾರೆ. ಅಂಗಡಿಯವರು ನಾಲ್ಕಾರು ಭಾಷೆಗಳಲ್ಲಿ ಮಾತನಾಡುತ್ತಾರೆ. ನೀವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ 'ಯಾವ ಊರಿನವರು?' ಎಂದು ಮಲಯಾಳದಲ್ಲಿ ವಿಚಾರಿಸುತ್ತಾರೆ.

ಈ ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿ. ನಿಮಗೆ ಗುರುತು ಸಿಗಲಿಲ್ಲವೇ? ಇದು ನಮ್ಮ ಮುರಕಲ್ಲು! ಕಾಸರಗೋಡಿನಲ್ಲಿ ಮನೆ ಕಟ್ಟುವ ಅದೇ ಕೆಂಪುಕಲ್ಲು. ಇದರಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಮಳೆಯ ನೀರು ಆ ತೂತುಗಳ ಮೂಲಕ ಕೆಳಗಿಳಿಯುತ್ತದೆ. ಮುರಕಲ್ಲಿನ ಕೆಳಗೆ ಮರಳುಕಲ್ಲಿನ ಪದರವಿದೆ. ಜೇಡಿಮಣ್ಣಿನ ಪದರವೂ ಇದೆ. ಜೇಡಿಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ಆಗ ನೀರು ಏನು ಮಾಡಬೇಕು? ಅಡ್ಡಲಾಗಿ ಹರಿದು ಗೋಡೆಯ ಮೈಯಿಂದ ಒರತೆಯಾಗಿ ಹೊರಬರುತ್ತದೆ. ನಮ್ಮ ಹಿರಿಯರು ಗುಡ್ಡದ ಬದಿಯಲ್ಲಿ ಸುರಂಗ ತೋಡಿ ನೀರು ಪಡೆಯುತ್ತಿದ್ದುದನ್ನು ನೀವು ಬಲ್ಲಿರಿ. ಅಲ್ಲಿ ಮನುಷ್ಯರು ದಾರಿ ಮಾಡಿಕೊಟ್ಟರು. ಇಲ್ಲಿ ಕಡಲೇ ಗುಡ್ಡವನ್ನು ಕಡಿದು ದಾರಿ ಮಾಡಿಕೊಟ್ಟಿದೆ.

ಈ ಬಗೆಯ ಕಲ್ಲಿನ ಪದರಗಳನ್ನು ಭೂವಿಜ್ಞಾನಿಗಳು ವರ್ಕಲದ ಹೆಸರಿನಿಂದಲೇ ಕರೆಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ಸಂಭಾವ್ಯ ಪಟ್ಟಿಗೆ ಭಾರತದ ಏಳು ನಿಸರ್ಗ ತಾಣಗಳು ಸೇರಿದವು. ಅವುಗಳಲ್ಲಿ ವರ್ಕಲದ ಈ ಗೋಡೆಯೂ ಒಂದು. ಉಡುಪಿಯ ಬಳಿಯ ಸೈಂಟ್ ಮೇರೀಸ್ ದ್ವೀಪಗಳು ಇನ್ನೊಂದು.

ನೋಡಲು ಗಟ್ಟಿಯಾಗಿದ್ದರೂ ಈ ಗೋಡೆ ಮೆದು. ಮಳೆನೀರು ಒಳಗಿನಿಂದ ಕರಗಿಸುತ್ತದೆ. ಅಲೆಗಳು ಬುಡವನ್ನು ಕೊರೆಯುತ್ತವೆ. ಮಳೆಗಾಲದಲ್ಲಿ ತುಂಡು ತುಂಡಾಗಿ ಕುಸಿಯುವುದುಂಟು. ಆದ್ದರಿಂದ ಅಂಚಿಗೆ ಹೋಗಬಾರದು. ಬುಡದಲ್ಲಿ ನೆರಳಿದೆಯೆಂದು ಕುಳಿತುಕೊಳ್ಳಲೂಬಾರದು. ಮೆಟ್ಟಿಲುಗಳಿವೆ. ಅವುಗಳಿಂದಲೇ ಇಳಿಯೋಣ.

ಅಲೆಯ ಸವಾರರು

ಕೆಳಗಿನ ಮರಳ ತೀರಕ್ಕೆ ಪಾಪನಾಶಂ ಎಂದು ಹೆಸರು. ಕರ್ಕಾಟಕ ತಿಂಗಳ ಅಮಾವಾಸ್ಯೆಯಂದು ಸಾವಿರಾರು ಜನರು ಇಲ್ಲಿಗೆ ಬಂದು ಅಗಲಿದ ಹಿರಿಯರಿಗೆ ಪಿಂಡ ಇಡುತ್ತಾರೆ. ನಮ್ಮ ತುಳುವರ ಆಟಿ ಅಮಾವಾಸ್ಯೆಯೂ ಅದೇ ದಿನ.

ತೀರದಲ್ಲಿ ಉತ್ತರಕ್ಕೆ ನಡೆಯುತ್ತಾ ಹೋದರೆ ಇಡವ ಎಂಬ ಹಳ್ಳಿಯ ಕಡೆ ಬಣ್ಣ ಬಣ್ಣದ ಉದ್ದ ಹಲಗೆಗಳು ಕಾಣುತ್ತವೆ. ಕೆಲವರು ಅವನ್ನು ಕಂಕುಳಲ್ಲಿ ಇರುಕಿಕೊಂಡು ನೀರಿಗೆ ಇಳಿಯುತ್ತಿದ್ದಾರೆ. ಅಗೋ ನೋಡಿ! ಒಬ್ಬಳು ಹುಡುಗಿ ಹಲಗೆಯ ಮೇಲೆ ಬೋರಲು ಮಲಗಿ ಎರಡು ಕೈಗಳಿಂದ ನೀರನ್ನು ಹಿಂದೆ ತಳ್ಳುತ್ತಿದ್ದಾಳೆ. ಅವಳ ಬೆನ್ನ ಹಿಂದೆ ಒಂದು ಅಲೆ ಏಳುತ್ತಿದೆ. ಅಲೆ ಹಲಗೆಯನ್ನು ಎತ್ತಿತು. ಅವಳು ಚಂಗನೆ ಎದ್ದು ನಿಂತಳು! ಮಂಡಿ ಬಾಗಿಸಿ, ಕೈ ಚಾಚಿ, ಗಾಳಿಯಲ್ಲಿ ತೇಲಿದಂತೆ ತೀರದವರೆಗೂ ಬಂದಳು. ಇದನ್ನೇ ಸರ್ಫಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ನಾವು ಅಲೆಸವಾರಿ ಎಂದು ಕರೆಯೋಣ.

ಹಲಗೆಗೆ ಯಂತ್ರವಿಲ್ಲ, ಹಾಯಿಯಿಲ್ಲ, ಹುಟ್ಟೂ ಇಲ್ಲ. ಅಲೆಯೇ ಅದರ ಬಲ. ಹಲಗೆಯಿಂದ ಒಂದು ಹಗ್ಗವನ್ನು ಸವಾರನ ಕಾಲಿಗೆ ಕಟ್ಟಿರುತ್ತಾರೆ. ಬಿದ್ದರೆ ಹಲಗೆ ಕೈತಪ್ಪಿ ಹೋಗುವುದಿಲ್ಲ, ಬೇರೆಯವರಿಗೆ ತಗಲುವುದೂ ಇಲ್ಲ.

ಅಲ್ಲಿ ಅಲೆಸವಾರಿ ಕಲಿಸುವ ಒಬ್ಬ ಯುವಕ ನಿಂತಿದ್ದಾರೆ. ನಾವು ಅವರನ್ನು 'ಚೇಟ್ಟಾ' ಎಂದು ಕರೆಯೋಣ. ಮಲಯಾಳದಲ್ಲಿ 'ಅಣ್ಣ' ಎಂದು ಅರ್ಥ.

"ಚೇಟ್ಟಾ, ನಮಗೂ ಕಲಿಸುತ್ತೀರಾ?"

"ಈಜು ಬರುತ್ತದೆಯೇ?" ಇದು ಅವರ ಮೊದಲ ಪ್ರಶ್ನೆ.

ನಿಮ್ಮಲ್ಲಿ ಕೆಲವರು ಕೈ ಎತ್ತುತ್ತೀರಿ. ಕೆಲವರು ತಲೆ ತಗ್ಗಿಸುತ್ತೀರಿ.

"ಈಜು ಬಾರದವರು ಮೊದಲು ಊರಿನಲ್ಲಿ ಈಜು ಕಲಿಯಿರಿ. ಆದರೂ ಇಂದಿನ ಮೊದಲ ಪಾಠ ಎಲ್ಲರಿಗೂ ಇದೆ. ಬನ್ನಿ, ಇಲ್ಲಿ ಕುಳಿತುಕೊಳ್ಳಿ."

ಹದಿನೈದು ನಿಮಿಷ

ನೀವು ಮರಳಿನ ಮೇಲೆ ಸಾಲಾಗಿ ಕುಳಿತಿರಿ. ಚೇಟ್ಟ ಏನೂ ಹೇಳುವುದಿಲ್ಲ. ಒಂದು ನಿಮಿಷ ಆಯಿತು. ಎರಡಾಯಿತು. ನಿಮಗೆ ಚಡಪಡಿಕೆ.

"ಪಾಠ ಯಾವಾಗ ಶುರು?"

"ಶುರುವಾಗಿದೆಯಲ್ಲ! ಅಲೆಗಳನ್ನು ಎಣಿಸಿ. ಯಾವುದು ದೊಡ್ಡದು, ಯಾವುದು ಚಿಕ್ಕದು, ಎಲ್ಲಿ ಮುರಿಯುತ್ತದೆ ನೋಡಿ."

ನೀವು ಎಣಿಸತೊಡಗುತ್ತೀರಿ. ಸ್ವಲ್ಪ ಹೊತ್ತಿಗೆ ಒಂದು ಗುಟ್ಟು ತಿಳಿಯುತ್ತದೆ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಕೆಲವು ದೊಡ್ಡ ಅಲೆಗಳು ಒಂದರ ಹಿಂದೆ ಒಂದು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಕಡಲು ತಣ್ಣಗಿರುತ್ತದೆ. ಮತ್ತೆ ದೊಡ್ಡವು. ಆ ತಣ್ಣಗಿನ ಹೊತ್ತನ್ನಷ್ಟೇ ನೋಡಿ ನೀರಿಗೆ ಇಳಿದವರು ಮೋಸ ಹೋಗುತ್ತಾರೆ.

ಈ ಅಲೆಗಳು ಎಲ್ಲಿಂದ ಬಂದವು? ಗಾಳಿಯಿಂದ. ಎಲ್ಲೋ ದೂರದ ಕಡಲಿನಲ್ಲಿ ಬೀಸಿದ ಗಾಳಿ ನೀರನ್ನು ಕದಡುತ್ತದೆ. ಆ ಕದಡುವಿಕೆ ಅಲೆಯಾಗಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಅಲೆ ಸಾಗುತ್ತದೆಯೇ ಹೊರತು ಅಷ್ಟು ದೂರ ನೀರು ಸಾಗುವುದಿಲ್ಲ. ಗದ್ದೆಯಲ್ಲಿ ಗಾಳಿ ಬೀಸಿದಾಗ ಪೈರಿನ ಮೇಲೆ ಅಲೆ ಓಡುವುದನ್ನು ನೀವು ಕಂಡಿದ್ದೀರಿ. ಅಲೆ ಗದ್ದೆಯ ಆಚೆ ಬದುವಿನವರೆಗೂ ಓಡುತ್ತದೆ. ಪೈರು ಮಾತ್ರ ನಿಂತಲ್ಲೇ ಬಾಗಿ ಏಳುತ್ತದೆ. ಕಡಲಿನ ಅಲೆಯೂ ಹಾಗೆಯೇ.

ತೀರದ ಬಳಿ ನೀರಿನ ಆಳ ಕಡಿಮೆ. ಅಲ್ಲಿ ಅಲೆಯ ಬುಡಕ್ಕೆ ನೆಲ ತಡೆಯಾಗುತ್ತದೆ. ಬುಡದ ವೇಗ ತಗ್ಗುತ್ತದೆ, ತಲೆ ಮಾತ್ರ ಮುಂದಕ್ಕೆ ಧಾವಿಸುತ್ತದೆ. ಓಡುವವನ ಕಾಲು ಎಡವಿದರೆ ಏನಾಗುತ್ತದೆ? ಮುಂದಕ್ಕೆ ಮುಗ್ಗರಿಸುತ್ತಾನೆ. ಅಲೆಯೂ ಹೀಗೆ ಮುಗ್ಗರಿಸಿ ನೊರೆಯಾಗಿ ಮುರಿಯುತ್ತದೆ. ಅದು ಮುರಿಯುವುದಕ್ಕಿಂತ ಸ್ವಲ್ಪ ಮೊದಲು ಹಲಗೆಯ ಮೇಲೆ ಏಳುವವನೇ ಜಾಣ ಸವಾರ.

ಸಿಪ್ಪೆ ಹೇಳಿದ ಸತ್ಯ

ಹತ್ತು ನಿಮಿಷ ಕಳೆದಿದೆ. ನಿಮ್ಮಲ್ಲಿ ಒಬ್ಬನಿಗೆ ಒಂದು ಜಾಗ ಬಹಳ ಇಷ್ಟವಾಗಿದೆ. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿ ನೊರೆಯೆಬ್ಬಿಸಿ ಮುರಿಯುತ್ತಿವೆ. ನಡುವೆ ಒಂದು ಓಣಿಯಷ್ಟು ಅಗಲದ ನೀರು ಮಾತ್ರ ಶಾಂತವಾಗಿದೆ. ಅಲ್ಲಿ ಅಲೆ ಮುರಿಯುವುದೇ ಇಲ್ಲ. ನೀರಿನ ಬಣ್ಣವೂ ಸ್ವಲ್ಪ ಗಾಢ.

"ಚೇಟ್ಟಾ, ನಾನು ಅಲ್ಲಿ ಇಳಿಯುತ್ತೇನೆ. ಅಲ್ಲಿ ಅಲೆಯೇ ಇಲ್ಲ!" ಎಂದು ಅವನು ಎದ್ದು ಓಡಲು ಹೊರಟ.

ಚೇಟ್ಟ ಥಟ್ಟನೆ ಅವನ ಕೈ ಹಿಡಿದರು. ಈವರೆಗೆ ನಗುತ್ತಿದ್ದ ಮುಖದಲ್ಲಿ ಈಗ ನಗುವಿಲ್ಲ. ಅವರು ಮರಳಿನಲ್ಲಿ ಬಿದ್ದಿದ್ದ ಒಂದು ಒಣ ತೆಂಗಿನ ಸಿಪ್ಪೆಯನ್ನು ಎತ್ತಿಕೊಂಡರು. ನೀರಿನ ಅಂಚಿಗೆ ಹೋಗಿ ಆ ಶಾಂತವಾದ ಓಣಿಗೆ ಎಸೆದರು.

"ನೋಡಿ."

ಎಲ್ಲರೂ ನೋಡಿದಿರಿ. ಸಿಪ್ಪೆ ತೀರಕ್ಕೆ ಬರಲಿಲ್ಲ. ಅದು ಮೆಲ್ಲಗೆ, ಆಮೇಲೆ ಬೇಗ ಬೇಗ, ಕಡಲಿನ ಕಡೆಗೆ ಹೊರಟಿತು. ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ! ಅಲೆಗಳು ಮುರಿಯುವ ಜಾಗವನ್ನೂ ದಾಟಿತು. ಸ್ವಲ್ಪ ಹೊತ್ತಿನಲ್ಲಿ ಅದೊಂದು ಕಪ್ಪು ಚುಕ್ಕೆಯಾಯಿತು. ಓಡಲು ಹೊರಟಿದ್ದವನು ಚೇಟ್ಟನ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡ.

"ಇದೇ ಸೆಳೆತ" ಎಂದರು ಚೇಟ್ಟ. "ಅಲೆಗಳು ತೀರಕ್ಕೆ ನೀರನ್ನು ತಂದು ತುಂಬುತ್ತವೆ. ಆ ನೀರು ಹಿಂದೆ ಹೋಗಲೇಬೇಕಲ್ಲ? ನೆಲ ತಗ್ಗಾಗಿರುವ ಕಡೆ ಒಂದು ತೋಡಿನಂತೆ ಹರಿದು ಹೋಗುತ್ತದೆ. ಆ ತೋಡಿನಲ್ಲಿ ಆಳ ಹೆಚ್ಚು. ಆದ್ದರಿಂದ ಅಲ್ಲಿ ಅಲೆ ಮುರಿಯುವುದಿಲ್ಲ. ನೋಡುವವರಿಗೆ ಅದೇ ಸುರಕ್ಷಿತ ಜಾಗದಂತೆ ಕಾಣುತ್ತದೆ. ಕಡಲಿನಲ್ಲಿ ಮುಳುಗುವವರಲ್ಲಿ ಎಷ್ಟೋ ಮಂದಿ ಈಜು ಬಲ್ಲವರೇ, ಮಕ್ಕಳೇ. ಅವರಿಗೆ ಕಡಲನ್ನು ಓದಲು ಬರುತ್ತಿರಲಿಲ್ಲ."

ಸೆಳೆತಕ್ಕೆ ಸಿಕ್ಕಿದರೆ

ಸೆಳೆತ ನಮ್ಮನ್ನು ನೀರಿನ ಅಡಿಗೆ ಎಳೆಯುವುದಿಲ್ಲ. ತೀರದಿಂದ ದೂರಕ್ಕೆ ಎಳೆಯುತ್ತದೆ, ಅಷ್ಟೇ. ಸಿಕ್ಕಿದವರು ಗಾಬರಿಯಿಂದ ನೇರ ತೀರದ ಕಡೆಗೆ ಈಜುತ್ತಾರೆ. ಎಷ್ಟು ಈಜಿದರೂ ಮುಂದೆ ಹೋಗಲಾಗದು. ಕೈಕಾಲು ಸೋಲುತ್ತದೆ. ಸೋತವರು ಮುಳುಗುತ್ತಾರೆ. ಹಾಗಾದರೆ ಏನು ಮಾಡಬೇಕು? ಚೇಟ್ಟ ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೊದಲನೆಯದು, ಸೆಳೆತದೊಡನೆ ಸೆಣಸಬೇಡಿ. ಅಂಗಾತ ಮಲಗಿ ತೇಲಿರಿ. ಉಸಿರು ಎಳೆದುಕೊಳ್ಳಿ.

ಎರಡನೆಯದು, ಒಂದು ಕೈ ಮೇಲೆತ್ತಿ ಬೀಸಿರಿ. ಕೂಗಿರಿ.

ಮೂರನೆಯದು, ಈಜಲು ಆಗುವುದಾದರೆ ತೀರದ ಕಡೆಗಲ್ಲ, ತೀರದ ಉದ್ದಕ್ಕೆ ಅಡ್ಡವಾಗಿ ಈಜಿರಿ. ಸೆಳೆತದ ಓಣಿ ಬಹಳ ಅಗಲವಿರುವುದಿಲ್ಲ. ಅದರಿಂದ ಹೊರಬಂದು, ಅಲೆಗಳು ಮುರಿಯುವ ಕಡೆ ಬಂದರೆ ಅಲೆಗಳೇ ನಿಮ್ಮನ್ನು ತೀರಕ್ಕೆ ತಳ್ಳುತ್ತವೆ.

ತೀರದಲ್ಲಿ ನಿಂತು ನೋಡುವವರಿಗೂ ಒಂದು ಮಾತಿದೆ. ಗೆಳೆಯ ಮುಳುಗುತ್ತಿದ್ದಾನೆಂದು ನೀವೂ ಹಾರಬಾರದು. ಒಬ್ಬನ ಬದಲು ಇಬ್ಬರು ಹೋಗುವ ಸಂಕಟ ಹೀಗೆಯೇ ಆಗುತ್ತದೆ. ಕಡಲ ರಕ್ಷಕರನ್ನು, ಮೀನುಗಾರರನ್ನು ಕೂಗಿ ಕರೆಯಿರಿ. 112ಕ್ಕೆ ಫೋನ್ ಮಾಡಲು ದೊಡ್ಡವರಿಗೆ ಹೇಳಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ಚೆಂಡು, ತೇಲುವ ಯಾವುದನ್ನಾದರೂ ಅವನೆಡೆಗೆ ಎಸೆಯಿರಿ. ಅವನಿಂದ ಕಣ್ಣು ಕೀಳದೆ ಕೈ ತೋರಿಸುತ್ತಾ ನಿಲ್ಲಿರಿ.

ತೀರದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಲೇಬಾರದು. ಬಾವುಟ ಇಲ್ಲದ ತೀರದಲ್ಲಿ, ದೊಡ್ಡವರು ಜತೆಗಿಲ್ಲದೆ ಇಳಿಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಂತೂ ನಮ್ಮ ಕಡಲು ಆಟದ ಜಾಗವಲ್ಲ.

ಮರಳಿನ ಮೇಲೆ ಅಲೆಸವಾರಿ

ಹದಿನೈದು ನಿಮಿಷ ಮುಗಿಯಿತು. ಈಗ ಚೇಟ್ಟ ಮತ್ತೆ ನಗುತ್ತಾರೆ. ಹಲಗೆಗಳನ್ನು ಮರಳಿನ ಮೇಲೆ ಇಡುತ್ತಾರೆ. ಕಲಿಯುವವರ ಹಲಗೆ ಮೆತ್ತಗಿರುತ್ತದೆ, ತಗಲಿದರೂ ಹೆಚ್ಚು ಪೆಟ್ಟಾಗುವುದಿಲ್ಲ.

"ಬೋರಲು ಮಲಗಿ. ಕೈಗಳನ್ನು ಬೀಸಿ. ಅಂಗೈಗಳನ್ನು ಎದೆಯ ಪಕ್ಕ ಊರಿ. ಎದೆ ಎತ್ತಿ. ಈಗ ಒಂದೇ ಏಟಿಗೆ ಏಳಿ! ಮಂಡಿ ಬಾಗಿರಲಿ. ಕಣ್ಣು ಕಾಲಿನ ಕಡೆಗಲ್ಲ, ಮುಂದಕ್ಕೆ!"

ಮರಳಿನ ಮೇಲೆಯೇ ನೀವು ಬೀಳುತ್ತೀರಿ. ಎಲ್ಲರೂ ನಗುತ್ತಾರೆ. ಬೀಳುವುದನ್ನೂ ಕಲಿಯಬೇಕು. ತಲೆ ಕೆಳಗಾಗಿ ಧುಮುಕಬಾರದು. ಅಗಲವಾಗಿ ಬಿದ್ದು, ತೋಳುಗಳಿಂದ ತಲೆಯನ್ನು ಮುಚ್ಚಿಕೊಳ್ಳಬೇಕು. ಇನ್ನೊಂದು ನಿಯಮವೂ ಇದೆ: ಒಂದು ಅಲೆಗೆ ಒಬ್ಬನೇ ಸವಾರ. ಮೊದಲು ಏರಿದವನಿಗೆ ದಾರಿ ಬಿಡಬೇಕು. ಮುಂದಿನ ಅಲೆ ಬಂದೇ ಬರುತ್ತದೆ. ಈ ಊರಿನಲ್ಲಿ ಯಾರಿಗೂ ಅವಸರವಿಲ್ಲದಿರಲು ಬಹುಶಃ ಇದೇ ಕಾರಣ!

ಈಜು ಬಲ್ಲವರು ಚೇಟ್ಟನ ಜತೆ ಸೊಂಟದಷ್ಟು ನೀರಿಗೆ ಇಳಿದರು. ಮೊದಲ ಅಲೆಗೆ ಬಿದ್ದರು. ಎರಡನೆಯದಕ್ಕೂ ಬಿದ್ದರು. ಹತ್ತನೆಯದೋ ಹನ್ನೊಂದನೆಯದೋ ಅಲೆಗೆ ಒಬ್ಬಳು ಎರಡು ಕ್ಷಣ ಎದ್ದು ನಿಂತಳು. ತೀರದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದಿರಿ.

ಎಂಟು ಜೀವ ಉಳಿಸಿದ ಹಲಗೆ

ಅಲೆಸವಾರಿ ಹುಟ್ಟಿದ್ದು ಶಾಂತಸಾಗರದ ದ್ವೀಪಗಳಲ್ಲಿ. ಹವಾಯಿ ದ್ವೀಪಗಳ ಜನರು ನೂರಾರು ವರ್ಷಗಳ ಹಿಂದೆಯೇ ಮರದ ಹಲಗೆಗಳ ಮೇಲೆ ಅಲೆಗಳನ್ನು ಏರುತ್ತಿದ್ದರು. ಅದನ್ನು ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರಾದವರು ಹವಾಯಿಯ ಡ್ಯೂಕ್ ಕಹನಮೋಕು. ಅವರು ದೊಡ್ಡ ಈಜುಗಾರರು. 1912 ಮತ್ತು 1920ರ ಒಲಿಂಪಿಕ್ ಕ್ರೀಡೆಗಳಲ್ಲಿ 100 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದರು.

1925ರ ಜೂನ್ ತಿಂಗಳ ಒಂದು ಬೆಳಿಗ್ಗೆ ಅವರು ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿದ್ದರು. ದೊಡ್ಡ ಅಲೆಗಳಿಗೆ ಸಿಕ್ಕಿ ಒಂದು ದೋಣಿ ಮಗುಚಿತು. ಡ್ಯೂಕ್ ತಮ್ಮ ಹಲಗೆಯೊಂದಿಗೆ ನೀರಿಗೆ ಧುಮುಕಿದರು. ಮುಳುಗುತ್ತಿದ್ದವರನ್ನು ಹಲಗೆಯ ಮೇಲೆ ಎಳೆದುಕೊಂಡು ತೀರಕ್ಕೆ ತಂದರು. ಮತ್ತೆ ಹೋದರು, ಮತ್ತೆ ತಂದರು. ಹೀಗೆ ಎಂಟು ಜೀವಗಳನ್ನು ಉಳಿಸಿದರು. ಅವರ ಗೆಳೆಯರು ಇನ್ನೂ ನಾಲ್ವರನ್ನು ಉಳಿಸಿದರು. ಆದರೂ 17 ಮಂದಿ ತೀರಿಕೊಂಡರು. ಈ ಘಟನೆಯ ಬಳಿಕ ಅಲ್ಲಿನ ಕಡಲ ರಕ್ಷಕರು ಇಂಥ ಹಲಗೆಗಳನ್ನು ಬಳಸತೊಡಗಿದರು.

ಟೋಕಿಯೋದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿತು. ನಮ್ಮ ದೇಶದಲ್ಲೂ ಈ ಆಟ ಬೆಳೆಯುತ್ತಿದೆ. 2016ರಲ್ಲಿ ಮೂಲ್ಕಿಯ ಹತ್ತಿರದ ಸಸಿಹಿತ್ಲು ತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. 2025ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ಏಷ್ಯಾದ ಸ್ಪರ್ಧೆ ನಡೆದಾಗ ರಮೇಶ್ ಬುದಿಹಾಳ್ ಅವರು ಕಂಚಿನ ಪದಕ ಪಡೆದರು. ಅವರು ಅಲೆಸವಾರಿ ಕಲಿತದ್ದು ನಮ್ಮ ಕೇರಳದ ಕೋವಳಂ ಕಡಲಿನಲ್ಲಿ.

ಕಟ್ಟಿದ ಮರ, ಕಳ್ಳ ಕಡಲು

ಸಂಜೆಯಾಗುತ್ತಿದೆ. ತೀರದಲ್ಲಿ ಒಬ್ಬ ಹಿರಿಯ ಮೀನುಗಾರರು ಬಲೆಯ ಹರಕು ಹೊಲಿಯುತ್ತಾ ಕುಳಿತಿದ್ದಾರೆ. ಚೇಟ್ಟ ಅವರನ್ನು 'ಮಾಮಾ' ಎಂದು ಕರೆದು ಮಾತನಾಡಿಸುತ್ತಾರೆ.

"ಹಲಗೆಯ ಮೇಲೆ ಅಲೆ ಏರುವುದು ದೊಡ್ಡ ಸುದ್ದಿಯೇ?" ಎಂದು ಅಜ್ಜ ನಗುತ್ತಾರೆ. "ನಾವು ಚಿಕ್ಕವರಾಗಿದ್ದಾಗ ಕಟ್ಟುಮರದ ಮೇಲೆ ಅಲೆ ಸೀಳಿಕೊಂಡು ಹೋಗಿ ಮೀನು ತರುತ್ತಿದ್ದೆವು."

ಕೆಲವು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ಅದೇ ಕಟ್ಟುಮರ. 'ಕಟ್ಟು' ಮತ್ತು 'ಮರ' ಎರಡೂ ನಮ್ಮ ಕನ್ನಡದಲ್ಲೂ ಇರುವ ಪದಗಳೇ ಅಲ್ಲವೇ? ತಮಿಳಿನ 'ಕಟ್ಟುಮರಂ' ಎಂಬ ಪದವೇ ಇಂಗ್ಲಿಷಿಗೆ ಹೋಗಿ 'ಕ್ಯಾಟಮರಾನ್' ಆಯಿತು.

ಅಜ್ಜ ಇನ್ನೊಂದು ಮಾತು ಹೇಳುತ್ತಾರೆ. "ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ಶುಭ್ರ. ಆದರೂ ಕೆಲವು ದಿನ ಕಡಲು ಉಕ್ಕಿ ಮನೆಯಂಗಳಕ್ಕೆ ಬರುತ್ತದೆ. ಅದಕ್ಕೆ ನಾವು ಕಳ್ಳಕ್ಕಡಲ್ ಎನ್ನುತ್ತೇವೆ."

ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು! ಇದು ಕಟ್ಟುಕತೆಯಲ್ಲ. ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲಿ ಬಿರುಗಾಳಿ ಎದ್ದರೆ ಅಲ್ಲಿನ ಅಲೆಗಳು ಕೆಲವು ದಿನಗಳ ಬಳಿಕ ಕೇರಳದ ತೀರವನ್ನು ಮುಟ್ಟುತ್ತವೆ. ಇದನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಮೀನುಗಾರರು ಇಟ್ಟ ಹೆಸರನ್ನೇ ಅವರೂ ಬಳಸುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರವು ಕಳ್ಳಕ್ಕಡಲ್ ಬರುವ ಮುನ್ಸೂಚನೆ ನೀಡುತ್ತದೆ. ಯಂತ್ರಗಳು ಬರುವ ಮೊದಲೇ ಮೀನುಗಾರರು ಇದನ್ನು ಹೇಗೆ ಕಂಡುಕೊಂಡರು? ನಾವು ಇಂದು ಮಾಡಿದ್ದನ್ನೇ ಅವರು ಜೀವನವಿಡೀ ಮಾಡಿದರು: ಕಡಲನ್ನು ಗಮನಿಸಿದರು.

ಮರಳಿ ಊರಿಗೆ

ಸೂರ್ಯ ಕಡಲಿಗೆ ಇಳಿಯುತ್ತಿದ್ದಾನೆ. ಕೆಂಪು ಗೋಡೆ ಇನ್ನಷ್ಟು ಕೆಂಪಾಗಿದೆ. ಮೇಲಿನ ದಾರಿಯಲ್ಲಿ ದೀಪಗಳು ಹೊತ್ತಿಕೊಂಡವು. ನಾವು ತಂದ ತಿಂಡಿಯ ಪ್ಲಾಸ್ಟಿಕ್ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲು ಹತ್ತಿದೆವು. ರಾತ್ರಿಯ ರೈಲು ಕಾಯುತ್ತಿದೆ.

ಹೊರಡುವಾಗ ಚೇಟ್ಟ ಕೇಳಿದರು: "ಊರಿಗೆ ಹೋದ ಮೇಲೆ ಏನು ಮಾಡುತ್ತೀರಿ, ಮಕ್ಕಳೇ?"

ಶಾಂತವಾದ ನೀರಿನ ಕಡೆಗೆ ಓಡಲು ಹೊರಟಿದ್ದ ಹುಡುಗನೇ ಉತ್ತರ ಕೊಟ್ಟ: "ನನ್ನ ತಮ್ಮನನ್ನು ಕಡಲ ಬದಿಗೆ ಕರೆದುಕೊಂಡು ಹೋಗುತ್ತೇನೆ. ಒಂದು ತೆಂಗಿನ ಸಿಪ್ಪೆ ಎಸೆದು ತೋರಿಸುತ್ತೇನೆ."

"ದೊಡ್ಡವರ ಜತೆ" ಎಂದರು ಚೇಟ್ಟ.

"ಹೌದು, ಅಪ್ಪನ ಜತೆ. ಅಪ್ಪನಿಗೂ ಇದು ಗೊತ್ತಿರಲಾರದು!"

ಮಕ್ಕಳೇ, ನಿಮ್ಮೂರಿನ ಕಡಲೂ ನಿಮಗಾಗಿ ಕಾಯುತ್ತಿದೆ. ಮುಂದಿನ ಸಲ ಹೋದಾಗ ಕಾಲು ಒದ್ದೆ ಮಾಡುವ ಮೊದಲು ಹದಿನೈದು ನಿಮಿಷ ಕುಳಿತು ನೋಡಿ. ಕಡಲು ತನ್ನ ಗುಟ್ಟನ್ನು ಮುಚ್ಚಿಡುವುದಿಲ್ಲ. ನೋಡುವವರಿಗೆ ಎಲ್ಲವನ್ನೂ ತೋರಿಸುತ್ತದೆ.

ಪದಗಳ ಅರ್ಥ

ಮೊರೆತ – ಕಡಲಿನ ದೊಡ್ಡ ಸದ್ದು
ಒರತೆ – ನೆಲದಿಂದ ಅಥವಾ ಕಲ್ಲಿನಿಂದ ಜಿನುಗುವ ನೀರು
ಬೋರಲು – ಹೊಟ್ಟೆ ಕೆಳಗಾಗಿ
ಅಂಗಾತ – ಬೆನ್ನು ಕೆಳಗಾಗಿ
ಗಾಢ – ದಟ್ಟವಾದ
ಸೆಣಸು – ಹೋರಾಡು
ದಿಮ್ಮಿ – ಮರದ ದಪ್ಪ ತುಂಡು

ಉತ್ತರಿಸಿರಿ

1. ವರ್ಕಲದ ಕೆಂಪು ಗೋಡೆಯಿಂದ ನೀರು ಒರತೆಯಾಗಿ ಹೊರಬರುವುದು ಹೇಗೆ? ನಮ್ಮ ಊರಿನ ಸುರಂಗಕ್ಕೂ ಇದಕ್ಕೂ ಇರುವ ಹೋಲಿಕೆ ಏನು?
2. ತೀರದ ಬಳಿ ಅಲೆ ಮುರಿಯಲು ಕಾರಣವೇನು?
3. ಚೇಟ್ಟ ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದುದೇಕೆ? ಅದರಿಂದ ಮಕ್ಕಳಿಗೆ ಏನು ತಿಳಿಯಿತು?
4. ಸೆಳೆತಕ್ಕೆ ಸಿಕ್ಕಿದವರು ನೇರ ತೀರದ ಕಡೆಗೆ ಏಕೆ ಈಜಬಾರದು?
5. ಕಳ್ಳಕ್ಕಡಲ್ ಎಂಬ ಹೆಸರು ಏಕೆ ಬಂತು?

ಯೋಚಿಸಿ, ಚರ್ಚಿಸಿರಿ

• 'ಕಡಲನ್ನು ಓದುವುದು' ಎಂದರೇನು? ಗುಂಪಿನಲ್ಲಿ ಮಾತನಾಡಿರಿ. ಮಳೆ, ಗದ್ದೆ, ಕಾಡು ಇವುಗಳನ್ನೂ ಹೀಗೆ 'ಓದಬಲ್ಲವರು' ನಿಮ್ಮ ಊರಿನಲ್ಲಿ ಯಾರಿದ್ದಾರೆ?
• ಗೆಳೆಯ ನೀರಿನಲ್ಲಿ ಕಷ್ಟಕ್ಕೆ ಸಿಕ್ಕಿದಾಗ ಹಾರದೆ ನಿಲ್ಲುವುದು ಹೇಡಿತನವೇ? ನಿಮ್ಮ ಅಭಿಪ್ರಾಯ ತಿಳಿಸಿರಿ.

ಮಾಡಿ ನೋಡಿರಿ

• ಉದ್ದದ ಹಗ್ಗದ ಒಂದು ತುದಿಯನ್ನು ಗೆಳೆಯನ ಕೈಗೆ ಕೊಡಿರಿ. ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಮೇಲೆ ಕೆಳಗೆ ಆಡಿಸಿರಿ. ಅಲೆ ಎಲ್ಲಿಗೆ ಹೋಯಿತು? ಹಗ್ಗ ಎಲ್ಲಿದೆ? ಕಂಡದ್ದನ್ನು ಬರೆಯಿರಿ.
• ನಿಮ್ಮ ಊರಿನ ಅಥವಾ ಹತ್ತಿರದ ಊರಿನ ಮೀನುಗಾರರೊಬ್ಬರನ್ನು ಭೇಟಿಯಾಗಿ ಅಲೆ, ಗಾಳಿ, ಸೆಳೆತಗಳಿಗೆ ಅವರು ಬಳಸುವ ಪದಗಳನ್ನು ಸಂಗ್ರಹಿಸಿರಿ.
• 'ಕಡಲ ಬದಿಯಲ್ಲಿ ನೆನಪಿಡಿ' ಎಂಬ ತಲೆಬರಹದಲ್ಲಿ ಐದು ಸೂಚನೆಗಳ ಭಿತ್ತಿಪತ್ರ ತಯಾರಿಸಿ ತರಗತಿಯಲ್ಲಿ ತೂಗುಹಾಕಿರಿ.